ಬದು ಒಡೆಯುವ ಮುಂಚೆ ಮಣ್ಣು ತೂಗಿ ನೋಡಿ

ಭರಣಿ ಮಳೆಯಲ್ಲಿ ಒಂದು ಸಂಜೆ ನಮ್ಮ ಹೊಲಕ್ಕೆ 35 ಮಿಲಿಮೀಟರ್ ಬಿತ್ತು. ಉಳುಮೆ ಮಾಡಿದ್ದ ಹೊಲ. ಬೆಳಗ್ಗೆ ಹೋಗಿ ನೋಡಿದರೆ ಬದುವಿನ ಹತ್ತಿರ ನೀರೇ ನಿಂತಿಲ್ಲ. ಅದೇ ವರ್ಷ ಚಿತ್ತೆ ಮಳೆಯಲ್ಲಿ 32 ಮಿ.ಮೀ. ಬಿತ್ತು. ಲೆಕ್ಕಕ್ಕೆ ಕಡಿಮೆಯೇ. ಆದರೆ ಕೆಳಗಿನ ಬದು ಎರಡು ಕಡೆ ಒಡೀತು. ತೆನೆ ಬಂದಿದ್ದ ರಾಗಿ ಮಲಗಿತು. ಮೇಲ್ಮಣ್ಣು ಕೊಚ್ಚಿಕೊಂಡು ಪಕ್ಕದವರ ಹೊಲ ಸೇರಿತು. ‘ಆ ಮಳೆ ತಡೆದ ಬದು ಈ ಮಳೆಗೆ ಯಾಕಪ್ಪಾ ಹೋಯ್ತು?’ ಅಂತ ಮಗಳು ಕೇಳಿದಳು. ಉತ್ತರ ಹುಡುಕಲು ಹೋಗಿ ಕಲಿತದ್ದನ್ನು ಬರೆದಿದ್ದೇನೆ.

ಮಣ್ಣಿಗೂ ಕೋಡಿ ಉಂಟು

ಮುಕ್ಕಾಲು ತುಂಬಿದ ಕೆರೆ ಸಣ್ಣ ಮಳೆಗೂ ಕೋಡಿ ಬೀಳುತ್ತದೆ. ಮಣ್ಣಿನದೂ ಇದೇ ಲೆಕ್ಕ. ಬಂಗಾರಪೇಟೆ ಕಡೆಯ ಮರಳು ಮಿಶ್ರಿತ ಕೆಂಪುಮಣ್ಣು ಚೆನ್ನಾಗಿ ನೆನೆದು, ಹೆಚ್ಚಿನ ನೀರು ಬಸಿದ ಮೇಲೆ 100 ಕಿಲೋ ಒಣಮಣ್ಣಿಗೆ ಸುಮಾರು 13 ಕಿಲೋ ನೀರು ಹಿಡಿದುಕೊಳ್ಳುತ್ತದೆ ಎನ್ನಿ. ಬೇಸಿಗೆಯಲ್ಲಿ ಅದು 5 ಕಿಲೋಗೆ ಇಳಿದಿರುತ್ತದೆ. ಒಂದಡಿ ಆಳದ ಮಣ್ಣಿನ ತೇವ ಶೇ. 1 ಏರಲು ಸುಮಾರು ನಾಲ್ಕೂವರೆ ಮಿ.ಮೀ. ಮಳೆ ಬೇಕು. ಅಂದರೆ ಶೇ. 5 ತೇವವಿದ್ದ ಹೊಲ 36 ಮಿ.ಮೀ. ಕುಡಿಯಬಲ್ಲದು. ಆಗಲೇ ಶೇ. 11 ಇದ್ದರೆ 9 ಮಿ.ಮೀ.ಗೇ ಹೊಟ್ಟೆ ತುಂಬಿತು.

ನಮ್ಮ ಚಿತ್ತೆ ಮಳೆಗೆ ಈ ಲೆಕ್ಕ ಹಾಕಿ. 32ರಲ್ಲಿ 9 ಕಳೆದರೆ ಉಳಿದದ್ದು 23. ಅರ್ಧ ಆಳಕ್ಕೆ ಇಳಿಯಿತು ಅಂದುಕೊಂಡರೂ ಹನ್ನೊಂದೂವರೆ ಮಿ.ಮೀ. ಮೇಲೆ ಹರಿಯಬೇಕು. ಎಕರೆಗೆ 1 ಮಿ.ಮೀ. ಅಂದರೆ 4 ಸಾವಿರ ಲೀಟರ್. ಎಕರೆಗೆ 46 ಸಾವಿರ ಲೀಟರ್, ಐದು ಸಾವಿರ ಲೀಟರಿನ ಒಂಬತ್ತು ಟ್ಯಾಂಕರ್ ನೀರು! ಬದು ಒಡೆಯದೆ ಏನು ಮಾಡೀತು?

ಅಳೆಯುವ ಕ್ರಮ

1. ಬುಡದಿಂದ ಬಾಯಿವರೆಗೆ ಒಂದೇ ಅಗಲದ ಡಬ್ಬವನ್ನು ಬಯಲಿನಲ್ಲಿ ಇಡಿ. ಮಳೆ ನಿಂತ ಮೇಲೆ ಸ್ಕೇಲಿನಿಂದ ನೀರಿನ ಎತ್ತರ ಅಳೆದು ಬರೆಯಿರಿ. ಅದೇ ಮಿ.ಮೀ.

2. ದಿಣ್ಣೆ, ನಡು, ತಗ್ಗು ಮೂರೂ ಕಡೆ ಒಂದಡಿ ಗುಂಡಿ ತೋಡಿ. ಗುಂಡಿಯ ಪಕ್ಕದ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಮಣ್ಣು ಕೆರೆದು, ಕಲ್ಲು ತೆಗೆದು, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ತನ್ನಿ. ಬಿಸಿಲಿಗೆ ಬಿಡಬೇಡಿ.

3. 220 ಗ್ರಾಂ ತೂಗಿ, ಹಳೇ ಬಾಣಲಿಯಲ್ಲಿ ಸಣ್ಣ ಉರಿಯ ಮೇಲೆ ಕೈಯಾಡಿಸಿ. ತೂಕ ಇಳಿಯುವುದು ನಿಂತಾಗ ನಿಲ್ಲಿಸಿ. 200 ಗ್ರಾಂ ಉಳಿದರೆ ಹೋದ ನೀರು 20. ಅದನ್ನು 200ರಿಂದ ಭಾಗಿಸಿ 100ರಿಂದ ಗುಣಿಸಿ: ಶೇ. 10. ಪ್ರಯೋಗಾಲಯದಲ್ಲಿ 105 ಡಿಗ್ರಿ ಶಾಖದಲ್ಲಿ ಒಂದು ದಿನ ಒಣಗಿಸುತ್ತಾರೆ. ನಮಗೆ ಬಾಣಲಿ ಸಾಕು.

4. ಭಾರಿ ಮಳೆ ನಿಂತ ಎರಡು ದಿನಕ್ಕೆ ಒಮ್ಮೆ ತೂಗಿ. ಅದೇ ನಿಮ್ಮ ಮಣ್ಣಿನ ‘ತುಂಬಿದ’ ಗುರುತು. ನನ್ನ 13 ನಿಮಗೆ 10 ಇರಬಹುದು, 18 ಇರಬಹುದು.

ತೂಗಲು ಪುರುಸೊತ್ತಿಲ್ಲವೇ? ಹಿಂದಿನ ಐದು ದಿನದ ಮಳೆ ಕೂಡಿ. ಬೆಳೆ ಕಾಲದಲ್ಲಿ 36 ಮಿ.ಮೀ. ಒಳಗಿದ್ದರೆ ನೆಲ ಒಣ, 53 ದಾಟಿದರೆ ತುಂಬಿದೆ ಎಂದು ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆಯವರು 1950ರ ದಶಕದಲ್ಲಿ ಮಾಡಿದ ಲೆಕ್ಕ. ಅಂದಾಜಿಗೆ ನಡೆಯುತ್ತದೆ.

ಒಣ ನೆಲವೂ ಮೋಸ ಮಾಡುತ್ತದೆ

ತೇವ ಒಂದೇ ನೋಡಿದರೆ ಸಾಲದು. ಉಳದೆ ಬಿಟ್ಟ ಕೆಂಪುಮಣ್ಣಿನ ಮೇಲೆ ದಪ್ಪ ಹನಿ ಬಡಿದರೆ ಮೇಲ್ಪದರ ಹಪ್ಪಳ ಕಟ್ಟುತ್ತದೆ. ಆಗ ಒಳಗೆ ಧೂಳಿದ್ದರೂ ಮೇಲೆ ನೀರು ಓಡುತ್ತದೆ. ಇದಕ್ಕೆ ಮದ್ದು ಮಾಗಿ ಉಳುಮೆ, ಇಳಿಜಾರಿಗೆ ಅಡ್ಡ ಸಾಲು, ಹೊದಿಕೆ. ತುಂಬಿದ ಮಣ್ಣಿಗೆ ಇವು ಮದ್ದಲ್ಲ. ಅಲ್ಲಿ ನೀರಿಗೆ ದಾರಿ ಬಿಡಲೇಬೇಕು.

ಹೊಲದಿಂದ ಹೊಳೆಗೆ

ನಮ್ಮ ಹೊಲಗಳ ಕೋಡಿಯೇ ಸೇರಿ ಹೊಳೆ. ಬೂದಿಕೋಟೆ ಕಡೆಯ ನೀರು ಮಾರ್ಕಂಡೇಯ ಹೊಳೆಗೆ, ಬೇತಮಂಗಲದ ಕಡೆಯದು ಪಾಲಾರಿಗೆ. ಚಿನ್ನದ ಗಣಿ ಊರಿಗೆ ಕುಡಿಯುವ ನೀರು ಕೊಟ್ಟ ಬೇತಮಂಗಲದ ಕೆರೆ ಪಾಲಾರಿಗೇ ಕಟ್ಟಿದ್ದು. 2021ರ ನವೆಂಬರಿನಲ್ಲಿ ಬಿಡದೆ ಸುರಿದಾಗ ಆ ಕೆರೆ ಕೋಡಿ ಹರಿಯಿತು, ಕೆಳಗೆ ವೆಲ್ಲೂರಿನವರೆಗೂ ಪಾಲಾರ್ ಉಕ್ಕಿತು. ನೆನೆದ ನೆಲದ ಮೇಲೆ ಮತ್ತೆ ಮಳೆ ಬಿದ್ದರೆ ಒಂದು ಹೊಲಕ್ಕೆ ಆಗುವುದೇ ಇಡೀ ಕಣಿವೆಗೂ ಆಗುತ್ತದೆ.

ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿ ಜಲಾನಯನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಹೊಲಗಳ ತೇವ ಅಳೆದು ಉಪಗ್ರಹದ ಲೆಕ್ಕಕ್ಕೆ ಹೋಲಿಸಿದ್ದಾರೆ. ಉಪಗ್ರಹಕ್ಕೆ ಕಾಣೋದು ಮೇಲಿನ ಎರಡಂಗುಲದಷ್ಟೆ. ಒಂದಡಿ ಕೆಳಗಿನದನ್ನು ಹಾರೆ ಹಿಡಿದವನೇ ನೋಡಬೇಕು.

ಈಗ ನಾನು ಮಾಡುವುದು

ಹಸ್ತ ಮಳೆಯಿಂದ ವಾರಕ್ಕೊಮ್ಮೆ ತೂಗುತ್ತೇನೆ. ಶೇ. 10 ದಾಟಿದರೆ ಕಾಲುವೆಯ ಹೂಳು, ಕಸ ತೆಗೆಯುತ್ತೇನೆ. ಬದುವಿನ ತಗ್ಗಿನಲ್ಲಿ ಕಲ್ಲು ಜೋಡಿಸಿ ಕೋಡಿ ಮಾಡಿ, ನೀರನ್ನು ಕೃಷಿಹೊಂಡಕ್ಕೆ ತಿರುಗಿಸಿದ್ದೇನೆ. ಆಮೇಲೆ ಬದು ಒಡೆದಿಲ್ಲ. ದಿಣ್ಣೆಯಲ್ಲಿ ಮಾತ್ರ ಅರ್ಧ ಅಡಿಗೇ ಬಂಡೆ ಸಿಗುತ್ತದೆ, ಅಲ್ಲಿ ನನ್ನ ಲೆಕ್ಕ ಅರ್ಧಕ್ಕರ್ಧ ಕಡಿಮೆ ಮಾಡಿಕೊಳ್ಳಬೇಕು.

ಒಂದು ನೋಟ್‌ಬುಕ್, ಡಬ್ಬ, ತಕ್ಕಡಿ, ಬಾಣಲಿ. ಇಷ್ಟೇ ಖರ್ಚು. ಈ ಹಿಂಗಾರಿನಲ್ಲಿ ನೀವೂ ತೂಗಿ ನೋಡಿ. ನಿಮ್ಮ ಮಣ್ಣಿನ ‘ತುಂಬಿದ’ ಗುರುತು ಎಷ್ಟು ಬಂತು, ಪತ್ರಿಕೆಗೆ ಬರೆದು ತಿಳಿಸಿ.