‘ಮರಳಿ ಹೋಗಿ’ ಎನ್ನುವ ಹಕ್ಕು

ಪರರ ಮನೆಗೆ ಹೋದಾಗ ಸಲಾಮ್ ಹೇಳಿ, ಅನುಮತಿ ಪಡೆದೇ ಒಳಗೆ ಕಾಲಿಡಬೇಕೆಂಬುದು ನಮ್ಮ ಮಕ್ಕಳಿಗೂ ಗೊತ್ತು. ಆದರೆ ಸೂರಃ ಅನ್ನೂರ್‌ನ ಮುಂದಿನ ವಚನದತ್ತ (24: 28) ನಮ್ಮ ಗಮನ ಹರಿಯುವುದು ಕಡಿಮೆ. ಮರಳಿ ಹೋಗಬೇಕೆಂದು ಮನೆಯವರು ಹೇಳಿದರೆ ಮರಳಬೇಕು ಎಂದು ಅಲ್ಲಾಹನು ಅಲ್ಲಿ ಆದೇಶಿಸಿದ್ದಾನೆ. ಮನೆಯವರು ಕಾರಣ ಕೊಡಬೇಕೆಂಬ ಷರತ್ತು ಅದರಲ್ಲಿಲ್ಲ.

ಇಂದು ಜನರು ತಟ್ಟುವುದು ಮರದ ಬಾಗಿಲನ್ನು ಮಾತ್ರವಲ್ಲ. ಫೋನ್ ನಂಬರ್, ಜನ್ಮದಿನಾಂಕ, ಭಾವಚಿತ್ರ, ರೋಗದ ವರದಿ ಇವೆಲ್ಲವನ್ನೂ ನಾವು ಅಂಗಡಿ, ಆಸ್ಪತ್ರೆ, ಆ್ಯಪ್‌ಗಳಿಗೆ ಕೊಡುತ್ತಿರುತ್ತೇವೆ. ಒಮ್ಮೆ ಕೊಟ್ಟ ಮೇಲೆ ಅದರ ಮೇಲಿನ ನಮ್ಮ ಹಕ್ಕು ಮುಗಿಯಿತೇ?

2018ರ ಮೇ 25ರಿಂದ ಯುರೋಪಿನಲ್ಲಿ ಜಾರಿಯಲ್ಲಿರುವ ಕಾನೂನು ಇಲ್ಲವೆನ್ನುತ್ತದೆ. ನಮ್ಮ ವಿವರವನ್ನು ಜಾಹೀರಾತಿಗೆ ಬಳಸುವವರಿಗೆ ಆಕ್ಷೇಪ ತಿಳಿಸಿದರೆ ಅವರು ನಿಲ್ಲಿಸಲೇಬೇಕು. ದಾಖಲೆಯಲ್ಲಿ ತಪ್ಪಿದೆಯೆಂದು ನಾವು ತಕರಾರು ಮಾಡಿ ನಿರ್ಬಂಧ ಕೋರಿದರೆ, ಪರಿಶೀಲನೆ ಮುಗಿಯುವ ತನಕ ಅದನ್ನು ಇಟ್ಟುಕೊಳ್ಳಬಹುದು, ಸಾಮಾನ್ಯವಾಗಿ ಬಳಸುವಂತಿಲ್ಲ. ಫಿಕ್‌ಹ್ ಓದಿದವರಿಗೆ ಇಲ್ಲಿ ‘ವದೀಅಃ’ದ ಅಧ್ಯಾಯ ನೆನಪಾಗದಿರದು. ಠೇವಣಿ ಇಟ್ಟುಕೊಂಡವನು ಕಾವಲುಗಾರ. ಮಾಲಿಕನ ಅನುಮತಿಯಿಲ್ಲದೆ ಅದನ್ನು ಬಳಸಿದರೆ ನಷ್ಟಕ್ಕೆ ಅವನೇ ಹೊಣೆ.

ನಮ್ಮ ದೇಶದಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರ ಪೀಠ ತೀರ್ಪಿತ್ತದ್ದು 2017ರ ಆಗಸ್ಟ್ 24ರಂದು. ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅನಂತರ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಯುರೋಪಿನ ಆ ಎರಡು ಹಕ್ಕುಗಳು ಅದೇ ಹೆಸರಿನಲ್ಲಿ ಇದರಲ್ಲಿಲ್ಲ. ಅದೊಂದು ಕೊರತೆಯೇ ಸರಿ. ಆದರೆ ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಬಹುದು, ಮತ್ತು ಹಿಂಪಡೆಯುವುದು ಕೊಡುವಷ್ಟೇ ಸುಲಭವಾಗಿರಬೇಕು. ತಿದ್ದಿಸುವ, ಅಳಿಸುವ ಹಕ್ಕೂ ಇದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಈ ಹಕ್ಕುಗಳು ಜಾರಿಯಾಗಲು ಅಲ್ಲಿಂದ 18 ತಿಂಗಳ ಅವಧಿ ಇಡಲಾಗಿದೆ. ಸಾಲಗಾರನು ಈ ನೆಪದಲ್ಲಿ ಸಾಲದ ಲೆಕ್ಕವನ್ನೇ ಅಳಿಸಲು ಹೊರಟರೆ ಅದಕ್ಕೆ ಕಾನೂನಿನ ಬೆಂಬಲವೂ ಇಲ್ಲ, ದೀನಿನ ಬೆಂಬಲವೂ ಇಲ್ಲ.

ವ್ಯಕ್ತಿಯೊಬ್ಬನು ಸ್ವಂತ ಅಥವಾ ಮನೆವಾರ್ತೆಯ ಉದ್ದೇಶಕ್ಕೆ ಬಳಸುವ ಮಾಹಿತಿಗೆ ಈ ಕಾಯ್ದೆ ಅನ್ವಯಿಸದು. ನಾವು ಹೆಚ್ಚು ಎಡವುವುದು ಅಲ್ಲಿಯೇ. ಸಂಬಂಧ ಕುದುರಿಸಲೆಂದು ಹೆಣ್ಣಿನ ಮನೆಯವರು ಒಂದು ಕುಟುಂಬಕ್ಕೆ ಕಳಿಸಿದ ಫೋಟೋ ಮತ್ತು ವಿವರ ವಾಟ್ಸಾಪ್‌ನಲ್ಲಿ ಹತ್ತು ಕೈ ದಾಟುತ್ತದೆ. ಮಾತುಕತೆ ಮುರಿದ ಮೇಲೂ, ಆಕೆಗೆ ಬೇರೆಡೆ ನಿಕಾಹ್ ಆದ ಮೇಲೂ ಅದು ಓಡಾಡುತ್ತಲೇ ಇರುತ್ತದೆ. ‘ದಯವಿಟ್ಟು ತೆಗೆಯಿರಿ’ ಎಂದು ಅವಳ ತಂದೆ ಕೇಳಿಕೊಂಡರೆ ‘ಅದರಲ್ಲೇನಿದೆ?’ ಎಂಬ ಉತ್ತರ! ಮಾತನಾಡುತ್ತಾ ಒಬ್ಬನು ಅತ್ತಿತ್ತ ನೋಡಿದರೆ ಸಾಕು, ಆ ಮಾತು ಅಮಾನತ್ ಆಗುತ್ತದೆಂದು ಪ್ರವಾದಿ(ಸ) ಕಲಿಸಿರುವರು (ಅಬೂದಾವೂದ್, ತಿರ್ಮಿದಿ). ಗುಟ್ಟೆಂದು ಬಾಯಿಬಿಟ್ಟು ಹೇಳುವ ಅಗತ್ಯವೂ ಅಲ್ಲಿಲ್ಲ. ಹೀಗಿರುವಾಗ ಬಾಯಿಬಿಟ್ಟು ಕೇಳಿಕೊಂಡ ತಂದೆಯ ಹಕ್ಕು ಎಷ್ಟಿರಬಹುದು! ಫೋಟೋವನ್ನು ನಮ್ಮ ಫೋನಿನಿಂದ ಅಳಿಸಿದರೆ ಸಾಲದು, ಯಾರಿಗೆ ದಾಟಿಸಿದ್ದೇವೋ ಅವರಿಗೂ ಅಂದೇ ತಿಳಿಸಬೇಕು.