ಯಾವ ನೀರು ಹಾಕಿದ್ರಿ ಮಾವ?

ರೇಷ್ಮೆ ಹುಳು ಮನೆಗೆ ಬಣ್ಣ ಹೊಡೆಯುವ ಕೆಲಸ ಒಪ್ಪಿಕೊಳ್ಳುವವರು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ.

ಚಿಂತಾಮಣಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಪೇಂಟಿಂಗ್ ಕಂಟ್ರಾಕ್ಟ್ ಮಾಡುತ್ತಿದ್ದೇನೆ. ಅಕ್ಕನ ಮನೆ ಕೈವಾರದ ಹತ್ತಿರ. ಭಾವನದು ರೇಷ್ಮೆ ಬೆಳೆ, ಗೂಡು ಹೋಗುವುದು ಶಿಡ್ಲಘಟ್ಟದ ಮಾರುಕಟ್ಟೆಗೆ. ಒಂದು ಸಲ ಭಾವ ಬೇಡವೆಂದರೂ ಕೇಳದೆ ಅವರ ಹುಳು ಮನೆಯ ಬಾಗಿಲಿಗೆ, ಮರದ ಸ್ಟ್ಯಾಂಡುಗಳಿಗೆ ಎನಾಮೆಲ್ ಹೊಡೆದೆ. ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ 2017ರ ನವೆಂಬರ್‌ನಿಂದ ಇದೆ, ಡಬ್ಬದ ಮೇಲೆ ಅದನ್ನು ಓದಿ ನೆಮ್ಮದಿಯಾಗಿದ್ದೆ. ಆದರೆ ಎನಾಮೆಲ್ ಒಣಗುವಾಗ ಅದರೊಳಗಿನ ಟರ್ಪೆಂಟೈನ್, ಥಿನ್ನರ್ ಗಾಳಿಗೆ ಏರುತ್ತವೆ. ಬೀಡಿ ಸೇದಿ ಬಂದವರನ್ನೇ ಹೊಸ್ತಿಲಾಚೆ ನಿಲ್ಲಿಸುವ ಮನೆ ಅದು. ಹತ್ತು ದಿನಕ್ಕೆ ಚಾಕಿ, ಅಂದರೆ ಮರಿ ಹುಳು, ತಂದರು. ಹುಳು ಸೊಪ್ಪು ಮುಟ್ಟದೆ ತಲೆ ಎತ್ತಿಕೊಂಡು ಕೂತವು. ಅರ್ಧ ಬೆಳೆ ಹೋಯಿತು. ಬಣ್ಣದಿಂದಲೇ ಎಂದು ಯಾರೂ ಪರೀಕ್ಷೆ ಮಾಡಿಸಲಿಲ್ಲ, ಭಾವನೂ ಬಾಯಿಬಿಟ್ಟು ಅನ್ನಲಿಲ್ಲ. ನನಗೆ ಮಾತ್ರ ಅನುಮಾನವಿರಲಿಲ್ಲ.

ಅಕ್ಕನ ಮಗ ಬೆಂಗಳೂರಿನಲ್ಲಿ ಕೆಮಿಸ್ಟ್ರಿ ಎಂಎಸ್ಸಿ ಓದುತ್ತಾನೆ. "ಥಿನ್ನರ್ ಬೇಡದ ಬಣ್ಣ ಮಾಡೋಣ. ಸೊಪ್ಪು ತಿಂದು ಉಳಿದ ಹಿಪ್ಪುನೇರಳೆ ಕಡ್ಡಿ ಒಲೆಗೆ ಹೋಗುತ್ತಲ್ಲ ಮಾವ, ಅದರ ತೊಗಟೆ ಕೊಡಿ" ಎಂದ. ಅಕ್ಕ ಕೂತು ಮೂಟೆಗಟ್ಟಲೆ ಸುಲಿದು ಕೊಟ್ಟಳು. ಅದನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ, ಬಿಳುಪು ಮಾಡಿ, ಟೆಂಪೋ ಎಂಬ ರಾಸಾಯನಿಕ ಸೇರಿಸಿ ಆಕ್ಸಿಡೀಕರಿಸಿ, ಬಲವಾಗಿ ಕಡೆದರೆ ನಾರು ಸೀಳುತ್ತಾ ಹೋಗಿ ತಲೆಕೂದಲಿನ ಇಪ್ಪತ್ತು ಸಾವಿರದಲ್ಲೊಂದು ಭಾಗದಷ್ಟು ಸಣ್ಣದಾಗುತ್ತದೆ. ನೂರು ಗ್ರಾಂ ನೀರಿಗೆ ಒಂದೇ ಗ್ರಾಂ ನಾರು ಸಾಕು, ಗಟ್ಟಿ ಗಂಜಿಯ ಹಾಗೆ ನಿಲ್ಲುತ್ತದೆ. ಬ್ರಷ್ ಆಡಿಸಿದಾಗ ತೆಳ್ಳಗಾಗುತ್ತದೆ, ಬ್ರಷ್ ಎತ್ತಿದರೆ ಮತ್ತೆ ಗಟ್ಟಿ. ಹಾಗಾಗಿ ನೀರಿನ ಬಣ್ಣವೂ ಇಳಿಯದೆ ಮರಕ್ಕೆ ಹಿಡಿಯುತ್ತದೆ, ಥಿನ್ನರ್ ಹನಿಯಷ್ಟೂ ಬೇಡ. ಅಂಟಿಗೆ ಅಂಗಡಿಯ ಅಕ್ರಿಲಿಕ್ ಎಮಲ್ಷನ್ ಸ್ವಲ್ಪ ಬೆರೆಸುತ್ತೇವೆ, ಹಾಗಾಗಿ ಪೂರ್ತಿ ಗಿಡದ ಬಣ್ಣ ಎಂದು ನಾನು ಎಲ್ಲೂ ಹೇಳಿಕೊಳ್ಳುವುದಿಲ್ಲ.

ಮೂರು ತಿಂಗಳ ರಾತ್ರಿಗಳಲ್ಲಿ ಹುಡುಗ ಹದಿನೈದು ಲೀಟರ್ ಲೋಳೆ ಮಾಡಿ ಕಳಿಸಿದ. ಫೋನಿನಲ್ಲಿ ಎರಡು ಸಲ ಹೇಳಿದ್ದ, ಡಿಸ್ಟಿಲ್ಡ್ ವಾಟರ್, ಅಂದರೆ ಬ್ಯಾಟರಿ ನೀರು, ಇಲ್ಲದೆ ಡ್ರಮ್ ಮುಚ್ಚಳ ತೆಗೀಬೇಡಿ ಎಂದು.

ಸಂಜೆ ಐದೂವರೆ. ಭಾವ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದರು. ಬೆಳಗ್ಗೆ ಔಷಧಿ ಹೊಡೆಯಬೇಕು, ಗುರುವಾರ ಚಾಕಿ ಬರುತ್ತೆ, ಇವತ್ತು ಮುಗಿಸು. ಬ್ಯಾಟರಿ ನೀರು ತರಲು ಊರಿಗೆ ಹೋಗಿ ಬಂದರೆ ಒಂದು ಗಂಟೆ. ತೊಟ್ಟಿಯಲ್ಲಿ ಸಾವಿರದ ಇನ್ನೂರು ಅಡಿ ಬೋರಿನ ನೀರು ತುಂಬಿತ್ತು, ಕುಡಿಯುವವರೇ ಇದ್ದಾರೆ, ಬಣ್ಣಕ್ಕೆ ಏನಾಗುತ್ತೆ ಎಂದುಕೊಂಡೆ. ಎರಡು ಬಕೆಟ್ ಸುರಿದು ಡ್ರಿಲ್ಲಿಗೆ ಕಡೆಗೋಲು ಹಾಕಿ ತಿರುಗಿಸಿದೆ. ಒಂದು ನಿಮಿಷ ಚೆನ್ನಾಗಿತ್ತು. ಆಮೇಲೆ ಅಂಚಿನಲ್ಲಿ ಬಿಳಿ ಚೂರು ಕಂಡವು. ಇನ್ನೂ ಜೋರಾಗಿ ತಿರುಗಿಸಿದೆ. ಒಡೆದ ಹಾಲಿನ ಹಾಗೆ ಗಟ್ಟಿ ಬೇರೆ, ನೀರು ಬೇರೆ ಆಯಿತು. ಪಂಚೆಯಲ್ಲಿ ಸೋಸಿದೆ, ಕೈಯಲ್ಲಿ ಹಿಸುಕಿದೆ, ಬೆರಳ ಸಂದಿಯಲ್ಲಿ ಲೋಳೆ ಗಂಟು ಉಳಿದವು, ಕರಗಲಿಲ್ಲ. ಅಕ್ಕ ಬಂದು ಡ್ರಮ್ಮಿನೊಳಗೆ ನೋಡಿದಳು, ಏನೂ ಕೇಳದೆ ಒಳಗೆ ಹೋದಳು.

ಹುಡುಗನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ, "ಯಾವ ನೀರು ಹಾಕಿದ್ರಿ ಮಾವ?"

ಅವನು ಆಮೇಲೆ ಬಿಡಿಸಿ ಹೇಳಿದ. ಒಂದೊಂದು ನಾರಿನ ಮೇಲೂ ಋಣ ವಿದ್ಯುತ್ ಇರುತ್ತದೆ, ಅದರಿಂದಲೇ ಒಂದನ್ನೊಂದು ತಳ್ಳಿಕೊಂಡು ನೀರಿನಲ್ಲಿ ಹರಡಿ ನಿಲ್ಲುತ್ತವೆ. ನಮ್ಮ ಗಡಸು ನೀರಿನ ಕ್ಯಾಲ್ಸಿಯಂ ಎರಡೆರಡು ನಾರನ್ನು ಹಿಡಿದು ಗಂಟು ಹಾಕುತ್ತದೆ. ಭಾವ ಅಷ್ಟು ಅವಸರ ಮಾಡಬಾರದಿತ್ತು, ಇದನ್ನು ಇವತ್ತಿಗೂ ಹೇಳುತ್ತೇನೆ. ಆದರೆ ಬಕೆಟ್ ಎತ್ತಿದ್ದು ನನ್ನ ಕೈ. ಮತ್ತೆ ಮಾಡಲು ನೆರವು ಕೇಳಿ ನಾಲ್ಕು ಸಲ ಹೋದ ಕಚೇರಿಯೊಂದರಲ್ಲಿ ಇದು ಬಣ್ಣದ ಲೆಕ್ಕಕ್ಕೋ ರೇಷ್ಮೆ ಲೆಕ್ಕಕ್ಕೋ ಎಂದೇ ತೀರ್ಮಾನವಾಗಲಿಲ್ಲ, ಎರಡನೇ ಸಲದ ಖರ್ಚೂ ನಮ್ಮದೇ ಆಯಿತು.

ಮಾಡುವವರಿಗೆ ನನಗೆ ತಿಳಿದಷ್ಟು: ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುವ ಊರಾದರೆ ಆ ನೀರು ಮುಟ್ಟಬೇಡಿ. ಮೊದಲು ಒಂದು ಲೋಟದಲ್ಲಿ ಬೆರೆಸಿ ರಾತ್ರಿಯಿಡೀ ಇಟ್ಟು ನೋಡಿ. ಲೋಳೆಯನ್ನು ಫ್ರಿಜ್ಜಿನಲ್ಲಿಡಿ, ಹೊರಗೆ ಬಿಟ್ಟರೆ ಬೂಸ್ಟು ಬರುತ್ತದೆ. ಫ್ರೀಜರಿನಲ್ಲಿಟ್ಟರೂ ಕೆಡುತ್ತದೆ, ಹೆಪ್ಪುಗಟ್ಟಿದ ನಾರು ಮತ್ತೆ ಬಿಡಿಯಾಗುವುದಿಲ್ಲ.

ಎರಡನೇ ಸಲ ನಾಲ್ಕು ಸ್ಟ್ಯಾಂಡಿಗೆ ಮಾತ್ರ ಹೊಡೆದೆವು. ಒಣಗಿದ ಮೇಲೆ ಭಾವ ಎಂದಿನಂತೆ ಬ್ಲೀಚಿಂಗ್ ಪೌಡರ್, ಸುಣ್ಣದ ನೀರು ಹೊಡೆದರು. ಎದ್ದುಬರುತ್ತದೇನೋ ಎಂದು ನನಗೆ ಎದೆ ಹಿಡಿದುಕೊಂಡಿತ್ತು. ಎದ್ದುಬರಲಿಲ್ಲ. ಸುಣ್ಣದಲ್ಲಿರುವುದೂ ಅದೇ ಕ್ಯಾಲ್ಸಿಯಂ; ಡ್ರಮ್ಮಿನಲ್ಲಿ ಕೆಡಿಸಿದ್ದೇ ಒಣಗಿದ ಪದರದಲ್ಲಿ ನಾರನ್ನು ಬಿಗಿದು ಹಿಡಿಯುತ್ತದಂತೆ. ಆ ಬೆಳೆಯಲ್ಲಿ ಹುಳು ಸದ್ದು ಮಾಡಿಕೊಂಡು ಸೊಪ್ಪು ತಿಂದವು, ಒಟ್ಟಿಗೆ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಹತ್ತಿದವು.

ಹೋದ ವಾರ ಭಾವ ಫೋನ್ ಮಾಡಿದ್ದರು. ಬಾಗಿಲು, ಕಿಟಕಿ ಉಳಿದಿವೆ, ಯಾವಾಗ ಬರ್ತೀಯಾ ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ, "ಬ್ಯಾಟರಿ ನೀರು ಐದು ಕ್ಯಾನ್ ತರಿಸಿಟ್ಟಿದೀನಿ" ಅಂದರು.