ಚಾಕು ಅದ್ದಿ ನೋಡು

ಪುಟ್ಟಿ, ಬೆಳಗ್ಗೆಯಿಂದ ಜಗಲಿ ಮೇಲೆ ಕೂತು ‘ಸಂಯೋಗ, ವಿಭಜನೆ, ಸ್ಥಾನಪಲ್ಲಟ, ದ್ವಿ ಸ್ಥಾನಪಲ್ಲಟ’ ಅಂತ ಮಗ್ಗಿ ಒಪ್ಪಿಸಿದ ಹಾಗೆ ಉರು ಹೊಡೀತಿದ್ದೀಯ. ಹತ್ತನೇ ಕ್ಲಾಸಿನ ವಿಜ್ಞಾನದ ಮೊದಲ ಪಾಠ, ಗೊತ್ತು. ಪುಸ್ತಕ ಮಡಚಿಟ್ಟು ಒಂದು ಗಳಿಗೆ ಡ್ರಮ್ಮಿನ ಹತ್ತಿರ ಬಾ. ನಮ್ಮ ಗೆಂಡೆಹಳ್ಳಿಯಲ್ಲಿ, ಮುಂಗಾರಿಗೆ ಮುಂಚೆ ಅಡಿಕೆಗೆ ಬೋರ್ಡೋ ಮದ್ದು ಕಲಸುವ ಮನೆಯಲ್ಲಿ ಹುಟ್ಟಿದವಳು ನೀನು. ಇದನ್ನು ಕಣ್ಣು ಮುಚ್ಚಿಕೊಂಡು ಕಲಿಯೋದು ಯಾಕೆ?

ಮೊದಲು ಸುಣ್ಣ. ಕಲ್ಲೋ ಚಿಪ್ಪೋ ಗೂಡಿನಲ್ಲಿ ಬೆಂದು, ಇಂಗಾಲದ ಡೈಆಕ್ಸೈಡ್ ಬಿಟ್ಟುಕೊಟ್ಟು, ಸುಟ್ಟ ಸುಣ್ಣವಾಗುತ್ತೆ. ಅದು ವಿಭಜನೆ. ಅದಕ್ಕೆ ನೀರು ಹಾಕು, ಬುಸ್ ಅಂತ ಕುದಿಯುತ್ತೆ. ಬೆಂಕಿಯಿಲ್ಲದಿದ್ದರೂ ಬಕೆಟ್ಟು ಮುಟ್ಟೋಕಾಗಲ್ಲ. ಎರಡು ಸೇರಿ ಒಂದಾಯಿತು, ಸಂಯೋಗ. ಸ್ವಲ್ಪ ಸ್ವಲ್ಪವೇ ಹಾಕು, ಮುಖ ದೂರ ಇಟ್ಟುಕೋ. ಕಣ್ಣಿಗೆ ಸಿಡಿದರೆ ಪರೀಕ್ಷೆಯ ಮಾತೇ ಬೇಡ.

ಈಗ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ನೂರು ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ಇದು ಶೇ. 1ರ ಬೋರ್ಡೋ. ತುತ್ತದ ನೀರನ್ನು ಸುಣ್ಣದ ಹಾಲಿಗೆ ಸುರಿಯಬೇಕು, ತಿರುಗಾಮುರುಗಾ ಅಲ್ಲ. ಸುರಿದೊಡನೆ ತಿಳಿನೀಲಿ ಮೊಸರು ಒಡೆದ ಹಾಗಾಗುತ್ತೆ. ತಾಮ್ರ ಹೋಗಿ ಹೈಡ್ರಾಕ್ಸೈಡಿನ ಕೈ ಹಿಡೀತು, ಸುಣ್ಣದ ಕ್ಯಾಲ್ಸಿಯಂ ಸಲ್ಫೇಟಿನ ಜೊತೆ ಹೋಯಿತು. ಬೀಗರ ಮನೆ ಹೆಣ್ಣು ತಂದು ನಮ್ಮ ಮನೆ ಹೆಣ್ಣು ಕೊಟ್ಟ ಹಾಗೆ! ದ್ವಿ ಸ್ಥಾನಪಲ್ಲಟ ಅಂದರೆ ಇಷ್ಟೇ. ನಿಮ್ಮ ಪುಸ್ತಕದ ಬೇರಿಯಂ ಸಲ್ಫೇಟಿನ ಬಿಳಿ ಪ್ರಕ್ಷೇಪಕ್ಕೆ ಬದಲು ನಮ್ಮದು ನೀಲಿ. ಈ ತಾಮ್ರ ನೀರಲ್ಲಿ ಕರಗಲ್ಲ, ಅದಕ್ಕೇ ಮಳೆ ಹೊಡೆದರೂ ಅಡಿಕೆ ಗೊನೆ ಮೇಲೆ ಅಂಟಿಕೊಂಡಿರುತ್ತೆ, ಕೊಳೆರೋಗ ತಡೆಯುತ್ತೆ. ಫ್ರಾನ್ಸಿನ ದ್ರಾಕ್ಷಿತೋಟದಲ್ಲಿ 1880ರ ದಶಕದಲ್ಲಿ ಹುಟ್ಟಿದ ಈ ಮದ್ದನ್ನು ಮೈಸೂರು ಸಂಸ್ಥಾನದ ಅಡಿಕೆಗೆ ಹೊಡೆಯಲು ಹೇಳಿದವರು ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾದದ್ದೂ ಅವರ ಕಾಲದಲ್ಲೇ.

ಲೆಕ್ಕ ಇಷ್ಟಪಡುವವಳಲ್ಲವೇ ನೀನು, ಇದನ್ನು ಮಾಡಿ ನೋಡು: ಸಮೀಕರಣದ ಪ್ರಕಾರ 1 ಕೆಜಿ ತುತ್ತಕ್ಕೆ ಸುಮಾರು 225 ಗ್ರಾಂ ಶುದ್ಧ ಸುಟ್ಟ ಸುಣ್ಣ ಸಾಕು. ನಾವು ಒಂದು ಕೆಜಿ ಯಾಕೆ ಹಾಕ್ತೀವಿ? ಅಂಗಡಿ ಸುಣ್ಣ ಅಷ್ಟು ಶುದ್ಧ ಅಲ್ಲ. ಮೇಲಾಗಿ ಸುಣ್ಣ ಹೆಚ್ಚಾದರೆ ನಷ್ಟವಿಲ್ಲ, ತುತ್ತ ಉಳಿದರೆ ಎಲೆ ಸುಡುತ್ತೆ. ಒಮ್ಮೆ ಮೋಡ ಕಟ್ಟಿತು ಅಂತ ಅವಸರಕ್ಕೆ ಹಳೇ ಸುಣ್ಣ ಹಾಕಿ, ಪರೀಕ್ಷೆ ಮಾಡದೆ ಹೊಡೆಸಿಬಿಟ್ಟೆ. ಒಂದು ಪಟ್ಟೆ ಕಾಫಿಯ ಚಿಗುರೆಲ್ಲ ಕರಕಲು. ನಿನ್ನ ಅಜ್ಜಿ ಇವತ್ತಿಗೂ ಆಡಿಕೊಳ್ತಾಳೆ.

ಆ ಪರೀಕ್ಷೆಯೇ ನಿನ್ನ ಉಳಿದ ಪಾಠ. ಕಬ್ಬಿಣದ ಚಾಕುವನ್ನು ಡ್ರಮ್ಮಿಗೆ ಅದ್ದಿ ಒಂದು ನಿಮಿಷ ಹಿಡಿ. ಅಲಗಿನ ಮೇಲೆ ಕೆಂಪು ಲೇಪ ಬಂದರೆ ತುತ್ತ ಉಳಿದಿದೆ, ಇನ್ನಷ್ಟು ಸುಣ್ಣ ಹಾಕು. ಕಬ್ಬಿಣ ತಾಮ್ರವನ್ನು ಎಬ್ಬಿಸಿ ಅದರ ಜಾಗದಲ್ಲಿ ತಾನು ಕೂತಿತು, ಅದು ಸ್ಥಾನಪಲ್ಲಟ. ಕಬ್ಬಿಣ ಎಲೆಕ್ಟ್ರಾನ್ ಕೊಟ್ಟಿತು, ತಾಮ್ರ ತಗೊಂಡಿತು. ಹಾಗಾಗಿ ರೆಡಾಕ್ಸ್ ಕೂಡ. ಇಲ್ಲೇ ನೀನು ಎಡವುತ್ತಿರೋದು. ಒಂದು ಕ್ರಿಯೆಗೆ ಒಂದೇ ಹೆಸರು ಅಂತ ಹಟ ಹಿಡಿಯಬೇಡ. ಒಬ್ಬಳೇ ಹೆಂಗಸು ಒಬ್ಬರಿಗೆ ಅತ್ತೆ, ಇನ್ನೊಬ್ಬರಿಗೆ ಸೊಸೆ ಆಗಿರೋದಿಲ್ಲವೇ? ಯಾರು ಯಾರನ್ನು ಬಿಟ್ಟರು, ಯಾರು ಯಾರ ಜೊತೆ ಹೋದರು ಅಂತ ನೋಡು, ಹೆಸರು ತಾನಾಗಿ ಬರುತ್ತೆ.

ಮತ್ತೆ ಸುಣ್ಣಕ್ಕೇ ಬರೋಣ. ನನ್ನ ಎಲೆಅಡಿಕೆ ತಟ್ಟೆಯ ಸುಣ್ಣದ ಡಬ್ಬಿ ತೆರೆದು ನೋಡು, ಮೇಲೆ ಕೆನೆ ಕಟ್ಟಿ ಗಟ್ಟಿಯಾಗಿದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗಲು ಹೊರಟಿದೆ ಅದು. ಗೋಡೆಗೆ ಬಳಿದ ಸುಣ್ಣದ ಕಥೆಯೂ ಇದೇ.

ಈಗ ಅಟ್ಟದ ಮೇಲಿರೋ ಹಳೇ ಚಾಕು ತಗೊಂಡು ಬಾ. ತುಕ್ಕು ಹಿಡಿದಿರುತ್ತೆ, ಮರಳಲ್ಲಿ ಚೆನ್ನಾಗಿ ಉಜ್ಜು, ಇಲ್ಲಾಂದ್ರೆ ಪರೀಕ್ಷೆ ಸುಳ್ಳು ಹೇಳುತ್ತೆ. ಉಜ್ಜುವಾಗ ಆ ತುಕ್ಕು ಯಾವ ಬಗೆಯದು ಅಂತ ಯೋಚನೆ ಮಾಡ್ತಿರು.